ಗೋಡೆಯಾಚೆಯ ಯಮನ ತಂಗಿ

ಡೆಲ್ಲಾ ಬ್ರಾಕ್‌ಮನ್ ತಾನು ಬರೆದ ಕಾದಂಬರಿಗಳನ್ನು ತಾನೇ ಲೈಬ್ರರಿಯಿಂದ ಎರವಲು ಒಯ್ಯುತ್ತಿದ್ದಳು, ಅದೂ ಕಪ್ಪು ಕನ್ನಡಕ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು. ಲಂಡನ್ನಿನ ಹೊರವಲಯದ ಹ್ಯಾರೋದಲ್ಲಿ ನವೆಂಬರ್ ಬಂತೆಂದರೆ ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಬೀದಿದೀಪಗಳು ಹತ್ತಿಕೊಳ್ಳುತ್ತವೆ. ಅಂಥ ಕತ್ತಲಲ್ಲಿ ಕಪ್ಪು ಕನ್ನಡಕ ಹಾಕಿದ, ಬಾಗಿಲಿನಷ್ಟು ಎತ್ತರದ ಹೆಂಗಸೊಬ್ಬಳು ಒಳಗೆ ಬಂದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ಆಕೆ ಮನಸಾರೆ ನಂಬಿದ್ದಳು. ರೇಡಿಯೇಟರಿನ ಪಕ್ಕ ಕೂತು ಪತ್ರಿಕೆ ಓದುವ ಮುದುಕರು ಪತ್ರಿಕೆ ಕೆಳಗಿಳಿಸಿ ಆಕೆಯನ್ನೇ ನೋಡುತ್ತಿದ್ದರು. ಕೌಂಟರಿನಲ್ಲಿ ಮುದ್ರೆ ಹಿಡಿದು ಕೂತಿರುತ್ತಿದ್ದವಳು ನಾನು, ಆಕೆಯ ಪಕ್ಕದ ಮನೆಯವಳು. ಬೆಳಿಗ್ಗೆಯಷ್ಟೇ ನಮ್ಮ ಕಸದ ಡಬ್ಬಿಯ ವಿಷಯಕ್ಕೆ ನನ್ನೊಡನೆ ಜಗಳವಾಡಿದ್ದವಳು, ಈಗ ಗುರುತೇ ಇಲ್ಲದವಳಂತೆ ಕೌಂಟರಿನ ಮೇಲೆ ಪುಸ್ತಕವಿಟ್ಟು, "ಈ ಲೇಖಕಿ ಒಳ್ಳೆಯವಳು ಅಂತ ಕೇಳಿದ್ದೇನೆ" ಎಂದು ಹಿಂದೆ ನಿಂತವರಿಗೆ ಕೇಳಿಸುವಂತೆ ಹೇಳುತ್ತಿದ್ದಳು.

ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಇದು ಆಕೆಯೇ ಕಲಿಸಿದ್ದು. ಮಿಸೆಸ್ ಎಂದರೆ ಸಿಟ್ಟು, ಮೇಡಂ ಎಂದರೆ ಇನ್ನೂ ಸಿಟ್ಟು. ಆಕೆಗೆ ಮಾತ್ರ ಜಗತ್ತಿನವರೆಲ್ಲ 'ಹನಿ', ಅಂದರೆ ಜೇನು. ನಾನೂ ಹನಿ, ಹಾಲಿನವನೂ ಹನಿ, ಬಾಗಿಲಿಗೆ ಬಂದ ಧರ್ಮಪ್ರಚಾರಕರೂ ಹನಿ.

ಲೈಬ್ರರಿಯ ನಿಯಮ ಸರಳವಾಗಿತ್ತು. ಪುಸ್ತಕದ ಮೊದಲ ಹಾಳೆಗೆ ಅಂಟಿಸಿದ ಚೀಟಿಯ ಮೇಲೆ ಯಾರಾದರೂ ಒಯ್ದಾಗಲೆಲ್ಲ ತಾರೀಖಿನ ಮುದ್ರೆ ಬೀಳಬೇಕು. ಬಹಳ ಕಾಲ ಮುದ್ರೆ ಬೀಳದ ಪುಸ್ತಕವನ್ನು ಕಪಾಟಿನಿಂದ ತೆಗೆದು, ಬಾಗಿಲ ಬಳಿಯ ಮಾರಾಟದ ಮೇಜಿನ ಮೇಲೆ ಬಿಸಾಕುತ್ತಿದ್ದರು. ಅಲ್ಲಿ ಅದು ಹಳೆಯ ಅಡುಗೆ ಪುಸ್ತಕ, ಹರಿದ ನಕ್ಷೆಗಳ ಜೊತೆ ಬಿದ್ದಿರುತ್ತಿತ್ತು. ಡೆಲ್ಲಾಳ ಎಂಟು ಕಾದಂಬರಿಗಳಲ್ಲಿ ನಮ್ಮ ಶಾಖೆಯಲ್ಲಿದ್ದದ್ದು ನಾಲ್ಕು. ಒಂದು ಆಗಲೇ ಆ ಮೇಜಿಗೆ ಬಂದಿತ್ತು. ಆಕೆ ಅದನ್ನು ಚಿಲ್ಲರೆ ಕಾಸಿಗೆ ಕೊಂಡು, ಕೋಟಿನೊಳಗೆ ಅಡಗಿಸಿ ಒಳಗೆ ತಂದು, ಆಚೀಚೆ ನೋಡಿ ಮತ್ತೆ ಕಪಾಟಿನಲ್ಲಿ ಸಿಗಿಸಿದಳು. ಲೈಬ್ರರಿಯಿಂದ ಪುಸ್ತಕ ಕದ್ದು ಒಯ್ಯುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಕದ್ದು ತಂದು ಇಡುವವಳನ್ನು ಕಂಡದ್ದು ಅದೇ ಮೊದಲು. ನಾನು ಹತ್ತಿರ ಹೋಗಿ ನಿಂತೆ. ಆಕೆ ಕನ್ನಡಕ ತೆಗೆದಳು.

"ಹನಿ, ಕಾದಂಬರಿಕಾರರಿಗೆ ಬರೋದು ಎರಡೇ ರೋಗ. ಒಂದು, ಬರೆಯೋಕಾಗದೇ ಇರೋದು. ಇನ್ನೊಂದು, ಬರೆದದ್ದನ್ನ ಯಾರೂ ಓದದೇ ಇರೋದು. ನನಗೆ ಎರಡೂ ಇವೆ, ಮೂಲವ್ಯಾಧಿ ಬೇರೆ."

ಆಕೆ ಅಮೆರಿಕದ ನಡುಮಧ್ಯದ ನೆಬ್ರಾಸ್ಕಾದವಳು. ಅಲ್ಲಿ ಜೋಳ ಮತ್ತು ಗಾಳಿ ಬಿಟ್ಟರೆ ಮೂರನೆಯದು ಇಲ್ಲ ಎಂದು ಆಕೆಯೇ ಹೇಳುತ್ತಿದ್ದಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬರೆದ ಮೊದಲ ಕಾದಂಬರಿ ಅಲ್ಲಿ ಹುಚ್ಚೆದ್ದು ಮಾರಾಟವಾಯಿತಂತೆ. ಟೆಲಿವಿಷನ್ನಿಗೆ ಕರೆದರು, ಸಿನಿಮಾ ಮಾಡುತ್ತೇವೆಂದು ಬಂದರು, ನಾಯಕಿಯ ಟೋಪಿ ಯಾವ ಬಣ್ಣದ್ದಿರಬೇಕು ಎನ್ನುವವರೆಗೆ ಮಾತುಕತೆಯಾಯಿತು. ಅಷ್ಟರಲ್ಲಿ ಆ ಕಂಪನಿ ಮುಳುಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಬರೆದ ಏಳು ಕಾದಂಬರಿಗಳು ಒಂದಕ್ಕಿಂತ ಒಂದು ಕಡಿಮೆ ಮಾರಾಟವಾದವು. ಈ ನಡುವೆ ಲಂಡನ್ನಿನ ಹಲ್ಲಿನ ಡಾಕ್ಟರನೊಬ್ಬನನ್ನು ಮದುವೆಯಾಗಿ ಹ್ಯಾರೋಗೆ ಬಂದಳು. ಅವನು ತನ್ನ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಜೊತೆ ಹೊರಟುಹೋದ. "ಮನೆ ನನಗೆ ಬಿಟ್ಟ, ಅದೇನೋ ನಿಜ. ಆದರೆ ನನ್ನ ದವಡೆ ಹಲ್ಲಿನ ಕೆಲಸವನ್ನೂ ಅರ್ಧಕ್ಕೇ ಬಿಟ್ಟ" ಎಂದು ಬಾಯಿ ತೆರೆದು ತೋರಿಸುತ್ತಿದ್ದಳು. ಅದಾದ ಮೇಲೆ ಹತ್ತು ವರ್ಷ ಕಳೆದರೂ ಒಂಬತ್ತನೆಯ ಕಾದಂಬರಿ ಮೂರನೆಯ ಅಧ್ಯಾಯ ದಾಟಿರಲಿಲ್ಲ. ಅದನ್ನು ಮುಗಿಸದಿದ್ದರೆ ತಾನು ಬರೀ ಬೆಕ್ಕು ಸಾಕಿಕೊಂಡ ಬಾಯಿಬಡುಕ ಮುದುಕಿ, ಮುಗಿಸಿದರೆ ಮಾತ್ರ ಕಾದಂಬರಿಕಾರ್ತಿ ಎಂದು ಆಕೆ ನನಗೆ ನೂರು ಸಲ ಹೇಳಿದ್ದಾಳೆ. ನಗುತ್ತಲೇ ಹೇಳುತ್ತಿದ್ದಳು, ಆದರೆ ಸುಳ್ಳು ಹೇಳುತ್ತಿರಲಿಲ್ಲ.

ಆಕೆಯ ಪರಿಚಯವಾದದ್ದು ಮಾತ್ರ ಲೈಬ್ರರಿಯಲ್ಲಲ್ಲ, ನಮ್ಮ ಮನೆಯ ಹೊಸ್ತಿಲಲ್ಲಿ. ಹ್ಯಾರೋದ ಮನೆಗಳು ಜೋಡಿ ಮನೆಗಳು, ನಡುವೆ ಒಂದೇ ಗೋಡೆ. ನಮ್ಮ ಅಡುಗೆಮನೆಯ ಗೋಡೆಯ ಆಚೆ ಆಕೆಯ ಬರೆಯುವ ಕೋಣೆ. ನನ್ನ ಮಾವ ತೀರಿಕೊಂಡ ಮೇಲೆ ನನ್ನ ಗಂಡ ಶ್ರೀಕಾಂತ ಧಾರವಾಡಕ್ಕೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದಿದ್ದ. ಬಂದ ವಾರವೇ ಅತ್ತೆ ಜೋಳದ ಹಿಟ್ಟು ಹುಡುಕಿಸಿ ತರಿಸಿ, ಸಂಜೆಯಾಯಿತೆಂದರೆ ಅಡುಗೆಕಟ್ಟೆಯ ಮೇಲೆ ರೊಟ್ಟಿ ಬಡಿಯಲು ಶುರುಮಾಡಿದರು. ಅವರು ರೊಟ್ಟಿ ಬಡಿಯತೊಡಗಿದರೆ ಕಪಾಟಿನೊಳಗಿನ ಪಿಂಗಾಣಿ ಕುಣಿಯುತ್ತಿತ್ತು. ಆ ಹೊತ್ತಿಗೆ ಕೆಲಸದಿಂದ ಸುಸ್ತಾಗಿ ಬಂದು ನಾನು ಏನಾದರೂ ಎಡವಟ್ಟು ಮಾಡಿ ಅಯ್ಯೋ ಎನ್ನುವುದೂ ಇತ್ತು.

ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಡೆಲ್ಲಾ, ಗಂಡಸಿನ ಕಾರ್ಡಿಗನ್, ತುಟಿಗೆ ಕೆಂಪು ಲಿಪ್‌ಸ್ಟಿಕ್, ಕೈಯಲ್ಲಿ ಮಡಚಿದ ಉದ್ದನೆಯ ಛತ್ರಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವಳು ದಿನಾ ನಿನ್ನನ್ನು ಹೊಡೆಯುತ್ತಾಳಾ?" ಎಂದು ಪಿಸುಗುಟ್ಟಿದಳು. ಭಾರತದ ಅತ್ತೆ ಸೊಸೆಯರ ಬಗ್ಗೆ ಎಲ್ಲೋ ಓದಿಕೊಂಡಿದ್ದ ಆಕೆ, ವಾರಗಟ್ಟಲೆ ಗೋಡೆಗೆ ಕಿವಿಯಿಟ್ಟು ಕೇಳಿ, ದಿನಾ ಸಂಜೆ ನನಗೆ ಏಟು ಬೀಳುತ್ತಿದೆ ಎಂದು ತೀರ್ಮಾನಿಸಿದ್ದಳು. ಮೊದಲು ತಾನೇ ನನ್ನನ್ನು ಬಿಡಿಸುವುದು, ಆಗದಿದ್ದರೆ ಪೊಲೀಸರು, ಇದು ಆಕೆಯ ಯೋಜನೆ. ನಾನು ಆಕೆಯನ್ನು ಒಳಗೆ ಕರೆದುಕೊಂಡು ಹೋದೆ. ಅತ್ತೆ ಇಳಕಲ್ ಸೀರೆಯ ಸೆರಗು ಸಿಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಡೆಲ್ಲಾ ಛತ್ರಿ ಹಿಡಿದೇ ನಿಂತಳು. ಅತ್ತೆ ತಲೆಯೆತ್ತಿ ನೋಡಿ, "ಮಳಿ ಬಂದದೇನ?" ಎಂದು ನನ್ನನ್ನು ಕೇಳಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಹಾಕಿ ಆಕೆಯ ಕೈಗೆ ಕೊಟ್ಟರು. ನನ್ನನ್ನು ಕಾಪಾಡಲು ಬಂದವಳು ಮೂರು ರೊಟ್ಟಿ ತಿಂದು ಹೋದಳು. ಛತ್ರಿ ಮರೆತು ಹೋದಳು.

ಆಮೇಲೆ ಆಕೆ ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಲೈಬ್ರರಿಗೆ ಸದಸ್ಯರನ್ನಾಗಿ ಮಾಡಿಸತೊಡಗಿದಳು. ಓದಬೇಕಾಗಿಲ್ಲ, ಒಯ್ದು ಮೂರು ವಾರ ಬಿಟ್ಟು ತಂದುಕೊಡಿ ಸಾಕು, ಮುದ್ರೆ ಬೀಳಲಿ ಎಂಬುದು ಕೋರಿಕೆ. ಎದುರುಮನೆಯ ಗುಜರಾತಿ ಪಟೇಲರು ಒಯ್ದರು, ಮೂಲೆಮನೆಯ ಐರಿಷ್ ವಿಧವೆ ಒಯ್ದಳು. ಅತ್ತೆಗೂ ಒಂದು ಕಾರ್ಡ್ ಆಯಿತು. ಇಂಗ್ಲಿಷ್ ಬಾರದ ಅತ್ತೆ ಆ ಕಾರ್ಡನ್ನು ಕುಂಕುಮದ ಡಬ್ಬಿಯ ಪಕ್ಕ ಇಟ್ಟುಕೊಂಡರು. ಮೊದಲ ಸಲ ಪುಸ್ತಕ ಮನೆಗೆ ಬಂದಾಗ ಅದನ್ನು ಬಟ್ಟೆಯಿಂದ ಒರೆಸಿ, ಕಣ್ಣಿಗೆ ಒತ್ತಿಕೊಂಡು, ಎರಡು ದಿನ ಫ್ರಿಜ್ಜಿನ ಮೇಲಿಟ್ಟಿದ್ದರು. ಮೂರನೆಯ ದಿನ ಹಿಟ್ಟು ನಾದುತ್ತ ಕೇಳಿದರು.

"ಬರೇ ಇಟಗೊಂಡ ಕುಂದರೂದೇನ? ಒಳಗ ಏನ್ ಬರದಾಳ ಹೇಳ ನೋಡೂಣು."

ಹಾಗೆ ನಾನು ದಿನಾ ಸಂಜೆ ಡೆಲ್ಲಾಳ ಮೊದಲ ಕಾದಂಬರಿಯನ್ನು ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದೆ. ವರ್ಣನೆ ಬಂದಲ್ಲಿ ಹಾರಿಸಿದೆ. ಆಕೆಗೆ ಗಾಳಿಯ ವರ್ಣನೆಯ ಹುಚ್ಚು, ಎಂಟು ಪುಟ ಗಾಳಿಯೇ ಬೀಸುತ್ತಿತ್ತು. ಅತ್ತೆ ಪಾತ್ರಗಳನ್ನೆಲ್ಲ ನಮ್ಮ ಓಣಿಯವರ ಹಾಗೆ ವಿಚಾರಿಸಿಕೊಳ್ಳುತ್ತಿದ್ದರು. ಆ ಹುಡುಗಿಯ ತಾಯಿ ಎಲ್ಲಿ ಹೋದಳು, ಹೊಲ ಯಾರ ಹೆಸರಿನಲ್ಲಿತ್ತು, ಗಂಡನಾದವನು ಕುಡಿಯುತ್ತಾನೆಂದು ಮೊದಲೇ ಯಾಕೆ ವಿಚಾರಿಸಲಿಲ್ಲ. ನಾನು ನಿಲ್ಲಿಸಿದರೆ ಸಾಕು, "ಮುಂದ?" ಎನ್ನುತ್ತಿದ್ದರು. ಕೊನೆಗೆ ನಾಯಕಿ ಕಾಳಿನ ಕಣಜದಲ್ಲಿ ಹೂತು ಸತ್ತಳು. ಎರಡನೆಯ ಕಾದಂಬರಿಯವಳು ಹೊಳೆಯ ಪಾಲಾದಳು. ಇನ್ನೊಬ್ಬಳನ್ನು ರೈಲು ಹೊಡೆಯಿತು. ನಾಲ್ಕನೆಯವಳಿಗೆ ಜೇನುನೊಣ ಕಚ್ಚಿದಾಗ ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ಕೂತುಬಿಟ್ಟರು.

"ಇಕಿನೂ ಸತ್ತಳಾ? ಬರದಾಕಿ ಕೈಯಾಗ ಒಬ್ಬಾಕಿನೂ ಉಳಿಯಂಗಿಲ್ಲಲ್ಲ. ಯಮನ ತಂಗಿ ಇದ್ದಾಳೇನ?"

ಇದನ್ನು ನಾನು ಡೆಲ್ಲಾಗೆ ಹಾಗೆಯೇ ಹೇಳಿದೆ. ಜೊತೆಗೆ ನನ್ನ ಅಭಿಪ್ರಾಯವನ್ನೂ ಸೇರಿಸಿದೆ, ಗಾಳಿ ಬೀಸುವ ಪುಟಗಳಲ್ಲಿ ನನಗೆ ನಿದ್ದೆ ಬಂತೆಂದು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ಹಿತ್ತಿಲ ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದವಳು ಕೆಮ್ಮು ಬರುವಷ್ಟು ನಕ್ಕಳು. ಯಮ ಯಾರು, ಅವನಿಗೆ ನಿಜವಾಗಿಯೂ ತಂಗಿ ಇದ್ದಾಳಾ ಎಂದೆಲ್ಲ ಕೇಳಿಕೊಂಡಳು. ಇದ್ದಾಳೆ, ಆಕೆ ನದಿ ಎಂದು ಹೇಳಿದಾಗ ಇನ್ನೂ ಖುಷಿಪಟ್ಟಳು. ಆಮೇಲೆ ಸಿಗರೇಟು ಆರಿಸಿ, ತನ್ನ ಪುಸ್ತಕದ ಬಗ್ಗೆ ಯಾರಾದರೂ ಸಿಟ್ಟಿಗೆದ್ದು ಇಪ್ಪತ್ತು ವರ್ಷವಾಯಿತು ಎಂದಳು. ಆ ಮಾತು ಹೇಳುವಾಗ ನಗಲಿಲ್ಲ.

ಮುಂದಿನ ಶನಿವಾರ ಆಕೆ ನಮ್ಮ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಮುಗಿಯದೆ ಬಿದ್ದಿದ್ದ ಒಂಬತ್ತನೆಯ ಕಾದಂಬರಿಯ ಮೂರು ಅಧ್ಯಾಯಗಳನ್ನು ಬಾಯಲ್ಲಿ ಹೇಳಿದಳು, ನಾನು ಕನ್ನಡಕ್ಕೆ ತಂದೆ. ಎಡ್ನಾ ಎಂಬ ಮುದುಕಿ. ಗಂಡ ಸತ್ತ ಮೇಲೆ ಮಗ ಅವಳನ್ನು ಪಟ್ಟಣಕ್ಕೆ ಕರೆದುಕೊಂಡು ಬಂದಿದ್ದಾನೆ. ಅಲ್ಲಿ ಅವಳಿಗೆ ಬೆಚ್ಚನೆಯ ಕೋಣೆ ಇದೆ, ಟಿವಿ ಇದೆ, ಮಾತಾಡಲು ಯಾರೂ ಇಲ್ಲ. ಒಂದು ದಿನ ಅವಳು ಮಗನ ಟ್ರಕ್ಕಿನ ಕೀಲಿ ಕದ್ದು, ನಲವತ್ತು ವರ್ಷದ ಹಿಂದೆ ತನ್ನ ಬೋಗುಣಿ ಒಯ್ದು ವಾಪಸು ಕೊಡದ ಗೆಳತಿಯ ಮನೆಗೆ ಜಗಳಕ್ಕೆ ಹೊರಡುತ್ತಾಳೆ. ನೂರಾರು ಮೈಲಿ ದಾರಿ, ಚಳಿಗಾಲ.

ಅತ್ತೆಯ ಕೈ ನಿಂತಿತು. "ಹೋಗಬೇಕು" ಎಂದರು. "ನನ್ನ ಹಿತ್ತಾಳಿ ಪರಾತ ಒಯ್ದಾಕಿ ಶಾಂತವ್ವ ಇವತ್ತಿಗೂ ಕೊಟ್ಟಿಲ್ಲ. ನನಗ ಗಾಡಿ ಹೊಡ್ಯಾಕ ಬರತಿದ್ರ ನಾನೂ ಹೋಗತಿದ್ದೆ. ಮುಂದ?"

ಮುಂದೆ ಏನು ಎಂದು ಡೆಲ್ಲಾಗೇ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಗೊತ್ತಿರಲಿಲ್ಲ. ಇವತ್ತಿಗೆ ಇಷ್ಟೇ ಎಂದು ತಪ್ಪಿಸಿಕೊಂಡಳು. ಅತ್ತೆ ಬಿಡಲಿಲ್ಲ, ಮುಂದಿನ ಶನಿವಾರ ಹೇಳಬೇಕು ಎಂದು ಕರಾರು ಮಾಡಿಸಿಕೊಂಡರು. ಸೋಮವಾರ ಬೆಳಿಗ್ಗೆ ಗೋಡೆಯಾಚೆಯಿಂದ ಟೈಪ್‌ರೈಟರ್ ಸದ್ದು ಕೇಳಿತು. ನಾವು ಆ ಮನೆಗೆ ಬಂದ ಮೇಲೆ ಅದನ್ನು ಕೇಳಿದ್ದು ಅದೇ ಮೊದಲು.

ಹಾಗೆ ಎರಡು ಚಳಿಗಾಲ ನಡೆಯಿತು. ಶನಿವಾರ ಅತ್ತೆಗೆ ಹೇಳುವುದಕ್ಕೆ ಏನಾದರೂ ಇರಬೇಕೆಂದು ಡೆಲ್ಲಾ ವಾರವಿಡೀ ಬರೆಯುತ್ತಿದ್ದಳು. ಆಕೆ ಕಲಿತ ಒಂದೇ ಕನ್ನಡ ಪದ 'ಮುಂದ'. ನಾನು 'ಅತ್ತಿ' ಎಂದು ಕರೆಯುವುದನ್ನು ಕೇಳಿ ಅದೇ ಅವರ ಹೆಸರೆಂದು ತಿಳಿದು, ತಾನೂ 'ಅಟ್ಟಿ' ಎಂದೇ ಕರೆಯುತ್ತಿದ್ದಳು. ಅತ್ತೆಯ ಸಲಹೆಗಳು ಧಾರಾಳವಾಗಿದ್ದವು. ದೂರದ ದಾರಿಗೆ ಬ್ರೆಡ್ಡು ಕಟ್ಟಿಕೊಂಡು ಹೋಗುವ ಎಡ್ನಾಳ ಬುದ್ಧಿಯ ಬಗ್ಗೆ ಅವರಿಗೆ ತೀರ ಅಸಮಾಧಾನವಿತ್ತು. ಬ್ರೆಡ್ಡು ಹಳಸುತ್ತದೆ, ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿಯಾದರೆ ತಿಂಗಳಿದ್ದರೂ ಕೆಡುವುದಿಲ್ಲ ಎಂದು ಹೇಳಿದರು. ನೆಬ್ರಾಸ್ಕಾದಲ್ಲಿ ಕಟಕ ರೊಟ್ಟಿ ಸಿಗುವುದಿಲ್ಲ ಎಂದು ಡೆಲ್ಲಾ ವಾದಿಸಿದಳು. "ಜ್ವಾಳ ಬೆಳೀತೈತಿ ಅಂತ ಆಕಿನ ಹೇಳ್ಯಾಳಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸಿದರು. ಅಲ್ಲಿಯದು ಮೆಕ್ಕೆಜೋಳ ಎಂದು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಈ ನಡುವೆ ನಮ್ಮ ಕನ್ನಡ ಸಂಘಕ್ಕೆ ಸುದ್ದಿ ಮುಟ್ಟಿತು. ಅಧ್ಯಕ್ಷರು ಬೆಂಗಳೂರಿನ ರಂಗನಾಥ್, ಐಟಿಯವರು, ಸಭ್ಯರು. ಪ್ರಸಿದ್ಧ ಅಮೆರಿಕನ್ ಕಾದಂಬರಿಕಾರ್ತಿ ನಮ್ಮ ಹ್ಯಾರೋದಲ್ಲೇ ಇದ್ದಾರೆಂದ ಮೇಲೆ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಬೇರೆ ಯಾಕೆ ಎಂದರು. ಒಂದು ಸಾಲನ್ನಾದರೂ ಓದಿಕೊಂಡು ಬನ್ನಿ ಎಂದು ನಾನು ಹೇಳಿದ್ದೆ. ಸಾಹಿತಿಗಳನ್ನು ಸನ್ಮಾನಿಸುವುದಕ್ಕೆ ಓದಬೇಕೆಂದು ಕಡ್ಡಾಯ ಮಾಡಿದರೆ ಯಾವ ಸಂಘ ತಾನೇ ಉಳಿದೀತು.

ಶಾಲೆಯೊಂದರ ಹಾಲ್ ತುಂಬ ಜನ. ಡೆಲ್ಲಾಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆ ಎತ್ತರಕ್ಕೆ ಕೈ ನಿಲುಕದೆ ಕುರ್ಚಿ ಹತ್ತಿ ಮೈಸೂರು ಪೇಟ ತೊಡಿಸಿದರು. ಆಕೆಯ ಕೃತಿಗಳು ಮಾನವೀಯ ಮೌಲ್ಯಗಳ ಗಣಿ, ಅವರು ಹಲವು ಅಂತರರಾಷ್ಟ್ರೀಯ ಪ್ರಶಸ್ತಿಗಳಿಗೆ ಭಾಜನರು ಎಂದು ರಂಗನಾಥ್ ಎರಡೂ ಭಾಷೆಯಲ್ಲಿ ಹೊಗಳಿದರು. ಡೆಲ್ಲಾ ಎದ್ದು, ತನಗೆ ಜೀವಮಾನದಲ್ಲಿ ಬಂದ ಒಂದೇ ಬಹುಮಾನ ಹನ್ನೆರಡನೆಯ ವಯಸ್ಸಿನಲ್ಲಿ ಕುಂಬಳಕಾಯಿ ಕಡುಬಿಗೆ ಎಂದು ತಿದ್ದಿದಳು. ಆಮೇಲೆ ಮೂರನೆಯ ಕಾದಂಬರಿಯಿಂದ ಸ್ವಲ್ಪ ಓದುತ್ತೇನೆಂದು ಪುಸ್ತಕ ತೆರೆದಳು. ಅದು ನಾಯಕಿ ಮತ್ತು ಕುದುರೆ ಲಾಳದವನು ಸ್ನಾನದ ತೊಟ್ಟಿಯಲ್ಲಿರುವ ಅಧ್ಯಾಯ. ನಾನು ಅತ್ತೆಗೆ ಹೇಳುವಾಗ ಪೂರ್ತಿ ಹಾರಿಸಿದ್ದ ಭಾಗ. ಆಕೆಯ ದನಿ ಒಳ್ಳೆಯದಿತ್ತು, ಮೈಕೂ ಒಳ್ಳೆಯದಿತ್ತು. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳು ಹಿಂದಿನ ಸಾಲಿನಲ್ಲಿ ಕುರ್ಚಿಯಿಂದ ಬೀಳುವಂತೆ ನಗುತ್ತಿದ್ದವು. ಅಪ್ಪ ಅಮ್ಮಂದಿರು ನೆಲ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಭಕ್ತಿಯಿಂದ ಕೇಳಿ, ಮುಗಿದ ಮೇಲೆ ಜೋರಾಗಿ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವರು ನಮ್ಮ ಅತ್ತೆ. ರಂಗನಾಥ್ ನನ್ನ ಪಕ್ಕ ಬಂದು, "ಮೇಡಂ, ಅವರು ಬೇರೆ ಏನಾದ್ರೂ ಓದಬಹುದಿತ್ತು ಅಲ್ವಾ, ಗಾಳಿ ಬಗ್ಗೆ ಬರೆದಿದ್ದಾರೆ ಅಂತಿದ್ರಲ್ಲ" ಎಂದು ನೊಂದುಕೊಂಡರು.

ಆ ಚಳಿಗಾಲ ನಮ್ಮ ಲೈಬ್ರರಿಯಲ್ಲಿ ಡೆಲ್ಲಾಳ ಮೂರನೆಯ ಕಾದಂಬರಿಗೆ ಬಿದ್ದಷ್ಟು ಮುದ್ರೆ ಯಾವ ಪುಸ್ತಕಕ್ಕೂ ಬೀಳಲಿಲ್ಲ. ಕನ್ನಡಿಗರು ಸಾಲುಗಟ್ಟಿ ಹೆಸರು ಬರೆಸಿದ್ದರು. ಒಯ್ದವರೆಲ್ಲ ಮಕ್ಕಳಿಗೆ ಸಿಗದ ಹಾಗೆ ಇಡುತ್ತೇವೆ ಎಂದು ತಾವಾಗಿಯೇ ನನಗೆ ಹೇಳಿದರು. ಡೆಲ್ಲಾ ಆ ಪೇಟ ತೊಟ್ಟುಕೊಂಡೇ ಒಂದು ವಾರ ಹಾಲು ಬ್ರೆಡ್ಡು ತರಲು ಹೋಗಿಬಂದಳು.

ಜಗಳ ಹತ್ತಿದ್ದು ಕೊನೆಯ ಅಧ್ಯಾಯಕ್ಕೆ. ಒಂದು ಶನಿವಾರ ಡೆಲ್ಲಾ ಬಂದವಳೇ, ಮುಕ್ತಾಯ ಹೊಳೆದಿದೆ ಎಂದಳು. ಎಡ್ನಾ ಗೆಳತಿಯ ಊರಿಗೆ ಇನ್ನು ಸ್ವಲ್ಪವೇ ದೂರವಿರುವಾಗ ಟ್ರಕ್ಕು ಹಿಮದಲ್ಲಿ ಹೂತುಕೊಳ್ಳುತ್ತದೆ, ಮುದುಕಿ ಅದರೊಳಗೆ ನಿದ್ದೆ ಹೋಗುತ್ತಾಳೆ, ಬೆಳಿಗ್ಗೆ ಜನ ಬಂದು ನೋಡಿದಾಗ ಸತ್ತಿರುತ್ತಾಳೆ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತೆಯ ಮುಖ ಬದಲಾಯಿತು. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗುತ್ತಿದ್ದರೂ ತಿರುವಲಿಲ್ಲ.

"ಎರಡ ವರ್ಷ ಆಕಿನ್ನ ನನ್ನ ಅಡಗಿಮನ್ಯಾಗ ಕುಂದರಿಸಿ, ಈಗ ಒಯ್ದು ಹಿಮದಾಗ ಹಾಕಿ ಕೊಲ್ತಾಳಂತ? ಪರದೇಶದ ಥಂಡ್ಯಾಗ ಒಬ್ಬಾಕಿನ ಸಾಯೂದಂದ್ರ ಏನಂತ ಮಾಡ್ಯಾಳ? ಆ ಮುದಕಿನ್ನ ಕೊಂದ್ರ ನನ್ನ ಹೊಸ್ತಲಾ ತುಳೀಬ್ಯಾಡ ಅಂತ ಹೇಳ."

ಎಡ್ನಾ ಇದ್ದದ್ದು ತನ್ನ ದೇಶದಲ್ಲೇ. ಪರದೇಶದಲ್ಲಿದ್ದವರು ಯಾರು ಎಂದು ನನಗೆ ಆಗ ಹೊಳೆಯಿತು. ಬೆಚ್ಚನೆಯ ಕೋಣೆ, ಟಿವಿ, ಹಗಲಿಡೀ ಖಾಲಿ ಮನೆ. ನಾವು ಅತ್ತೆಗೆ ಕೊಟ್ಟದ್ದೂ ಅದನ್ನೇ ತಾನೇ. ಆದರೆ ಡೆಲ್ಲಾಗೆ ನಾನು ಬರೀ ಮಾತನ್ನಷ್ಟೇ ಅನುವಾದಿಸಿದೆ. ತನ್ನ ಪುಸ್ತಕದಲ್ಲಿ ಯಾರು ಸಾಯಬೇಕು ಎನ್ನುವುದನ್ನು ತಾನು ತೀರ್ಮಾನಿಸುತ್ತೇನೆ, ಪ್ರಕಾಶಕರಿಗೂ ಬಿಟ್ಟುಕೊಡದ ಹಕ್ಕು ಅದು ಎಂದು ಆಕೆಯೂ ಸೆಟೆದು ನಿಂತಳು. ರೊಟ್ಟಿ ಮುಟ್ಟದೆ ಎದ್ದು ಹೋದಳು.

ಆಮೇಲೆ ಶನಿವಾರಗಳು ಬಂದವು ಹೋದವು, ಆಕೆ ಬರಲಿಲ್ಲ. ಟೈಪ್‌ರೈಟರ್ ಮಾತ್ರ ನಿಂತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅತ್ತೆ ನಡುವೆ ಕೈ ತಡೆದು ಗೋಡೆಯತ್ತ ಕಿವಿ ಕೊಡುತ್ತಿದ್ದರು. ಬರೆಯುತ್ತಿದ್ದಾಳೆ, ಕೊಲ್ಲುತ್ತಿದ್ದಾಳೋ ಉಳಿಸುತ್ತಿದ್ದಾಳೋ ಯಾರಿಗೆ ಗೊತ್ತು ಎಂದು ಗೊಣಗಿ ಮತ್ತೆ ಬಡಿಯುತ್ತಿದ್ದರು. ಟೈಪ್‌ರೈಟರಿನ ನಡುವೆ ಕೆಮ್ಮು ಕೇಳತೊಡಗಿತು. ಮೊದಮೊದಲು ಒಂದೆರಡು ಸಲ, ಆಮೇಲೆ ಟೈಪ್‌ರೈಟರಿಗಿಂತ ಕೆಮ್ಮೇ ಹೆಚ್ಚಾಯಿತು. ಒಂದು ದಿನ ಎರಡೂ ನಿಂತವು. ಅತ್ತೆಯೇ ನನ್ನನ್ನು ಪಕ್ಕದ ಮನೆಗೆ ಓಡಿಸಿದರು. ಡೆಲ್ಲಾ ಹಿಂದಿನ ದಿನವೇ ತಾನಾಗಿ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗಿದ್ದಳು. ಬೆಕ್ಕನ್ನು ಐರಿಷ್ ವಿಧವೆಯ ಬಳಿ ಬಿಟ್ಟಿದ್ದಳು. ಹೋಗುವ ದಾರಿಯಲ್ಲಿ ಅಂಚೆ ಕಚೇರಿಯ ಮುಂದೆ ಟ್ಯಾಕ್ಸಿ ನಿಲ್ಲಿಸಿ ದಪ್ಪ ಕಟ್ಟೊಂದನ್ನು ಅಮೆರಿಕಕ್ಕೆ ಕಳಿಸಿದ್ದಳು.

ಶನಿವಾರ ನಾವಿಬ್ಬರೂ ಹೋದೆವು. ಅತ್ತೆ ಬಿಳಿ ಬಟ್ಟೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ಡೆಲ್ಲಾಳ ಮೂಗಿನಲ್ಲಿ ನಳಿಗೆ, ತುಟಿಗೆ ಮಾತ್ರ ಅದೇ ಕೆಂಪು ಬಣ್ಣ. ಅಷ್ಟು ಎತ್ತರದವಳು ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದಳು. ಶ್ವಾಸಕೋಶ ಹೋಗಿದೆಯೆಂದು ಡಾಕ್ಟರು ಬಹಳ ವಿನಯದಿಂದ ಹೇಳಿದರು, ಈ ದೇಶದವರು ಸಾವಿನ ಸುದ್ದಿಯನ್ನೂ ಕ್ಷಮೆ ಕೇಳಿಯೇ ಹೇಳುತ್ತಾರೆ ಎಂದು ಡೆಲ್ಲಾ ವರದಿ ಮಾಡಿದಳು. ಅತ್ತೆ ಕುರ್ಚಿಯಲ್ಲಿ ಕೂತು ಆಕೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಂಡರು. ನನ್ನ ಕಡೆ ತಿರುಗಿ, "ಮುದಕಿ ಬದಕ್ಯಾಳೇನ ಕೇಳ" ಎಂದರು.

ನಾನು ಕೇಳಿದೆ. ಡೆಲ್ಲಾಳ ಕಣ್ಣಲ್ಲಿ ಹಳೆಯ ತುಂಟತನ ಬಂತು.

"ಲೈಬ್ರರಿಯಿಂದ ತಗೊಂಡು ತಿಳ್ಕೊಳ್ಳೋಕೆ ಹೇಳು, ಹನಿ. ಪುಕ್ಕಟೆ ಹೇಳೋದಿಲ್ಲ. ಆ ಪುಸ್ತಕಕ್ಕೆ ಒಂದಾದ್ರೂ ನಿಜವಾದ ಮುದ್ರೆ ಬೀಳಬೇಕು."

ಅತ್ತೆ ತಲೆಯಾಡಿಸಿದರು, ನ್ಯಾಯವೇ ಎಂಬಂತೆ. ಡೆಲ್ಲಾಗೆ ನುಂಗಲು ಆಗುತ್ತಿರಲಿಲ್ಲ. ರೊಟ್ಟಿಯ ಗಂಟನ್ನು ದಿಂಬಿನ ಪಕ್ಕದಲ್ಲಿ ಇಡಿಸಿಕೊಂಡು ಮೂಸುತ್ತಿದ್ದಳು. ನಾವು ಹೊರಡಲು ಎದ್ದಾಗ ಆಕೆ ಅತ್ತೆಯ ಸೆರಗು ಹಿಡಿದು, ತನಗೆ ಗೊತ್ತಿದ್ದ ಒಂದೇ ಕನ್ನಡ ಪದವನ್ನು ಕೇಳಿದಳು, "ಮುಂದ?" ಅತ್ತೆ ಮುಂದಿನ ಶನಿವಾರ ಎಂದರು. ನಾನು ಅನುವಾದಿಸಿದೆ, ಆಕೆ ಒಪ್ಪಿಕೊಂಡಳು. ಬುಧವಾರ ತೀರಿಕೊಂಡಳು.

ನಾನು ಕೆಲಸದ ನಡುವೆ ಲೈಬ್ರರಿಯ ಹಿಂದಿನ ಕೋಣೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಷ್ಟು ದುಃಖವಾಗುತ್ತದೆಂದು ನನಗೇ ಗೊತ್ತಿರಲಿಲ್ಲ.

ಪುಸ್ತಕ ಹೊರಬಂದದ್ದು ಒಂದು ವರ್ಷದ ಮೇಲೆ, ಆಕೆಯ ರಾಜ್ಯದ ಒಂದು ಚಿಕ್ಕ ಪ್ರಕಾಶನದಿಂದ. ನಾನು ಬೆನ್ನುಹತ್ತಿ ನಮ್ಮ ಶಾಖೆಗೆ ಒಂದು ಪ್ರತಿ ತರಿಸಿದೆ. ಅರ್ಪಣೆಯಲ್ಲಿ ಅತ್ತೆಯ ಹೆಸರಿರುತ್ತದೆ, ಹೆಚ್ಚೆಂದರೆ ನನ್ನದಿರುತ್ತದೆ ಎಂದು ಆಸೆಯಿಂದ ತೆರೆದರೆ, ಬೆಕ್ಕಿಗೆ ಅರ್ಪಿಸಿದ್ದಳು. ಬೈದುಕೊಂಡೇ ಅತ್ತೆಯ ಕಾರ್ಡಿನಲ್ಲಿ ಎರವಲು ಬರೆದು, ಚೀಟಿಗೆ ಮೊದಲ ಮುದ್ರೆ ಹೊಡೆದು ಮನೆಗೆ ತಂದೆ.

ಈ ಸಲ ಗಾಳಿಯ ವರ್ಣನೆಯನ್ನೂ ಹಾರಿಸಲಿಲ್ಲ. ಸಂಜೆ ಸಂಜೆ ಓದಿ ಹೇಳಿದೆ, ಅತ್ತೆ ರೊಟ್ಟಿ ಬಡಿದರು. ಐದನೆಯ ಅಧ್ಯಾಯದಲ್ಲಿ ಎಡ್ನಾ ಟ್ರಕ್ಕಿನ ಸೀಟಿನ ಮೇಲೆ ಒಂದು ಬಿಳಿ ಬಟ್ಟೆಯ ಗಂಟು ಬಿಚ್ಚಿ, ಹಾಳೆಯಷ್ಟು ತೆಳ್ಳಗಿನ ಗಟ್ಟಿ ರೊಟ್ಟಿ ಮುರಿದು ತಿನ್ನುತ್ತಾಳೆ. ನೆಬ್ರಾಸ್ಕಾದಲ್ಲಿ ಅದು ಎಲ್ಲಿಂದ ಬಂತು ಎನ್ನುವುದಕ್ಕೆ ಡೆಲ್ಲಾ ಒಂದು ಮಾತಿನ ವಿವರಣೆಯನ್ನೂ ಕೊಟ್ಟಿರಲಿಲ್ಲ. ಅತ್ತೆ ಅದನ್ನು ಕೇಳಿ, ಅಂತೂ ಬುದ್ಧಿ ಬಂತು ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು.

ಕೊನೆಯ ಪುಟಗಳಲ್ಲಿ ಟ್ರಕ್ಕು ಹಿಮದಲ್ಲಿ ಹೂತುಕೊಂಡಿತು. ನಾನು ಓದುವುದನ್ನು ನಿಲ್ಲಿಸಿ ಅತ್ತೆಯತ್ತ ನೋಡಿದೆ. ಅತ್ತೆ ಒಲೆ ಆರಿಸಿದರು. ಎಡ್ನಾ ಒಳಗೆ ಕೂತು ನಿದ್ದೆ ಹೋಗಲಿಲ್ಲ. ಬಾಗಿಲು ಒದ್ದು ಇಳಿದಳು, ಮಗನನ್ನೂ ಹಿಮವನ್ನೂ ಬೈಯುತ್ತ ಮೊಣಕಾಲುದ್ದ ಹಿಮದಲ್ಲಿ ನಡೆದಳು, ಗೆಳತಿಯ ಮನೆ ತಲುಪಿದಳು, ಬಾಗಿಲು ಬಡಿದಳು. ಒಳಗೆ ದೀಪ ಹತ್ತಿತು. ಅಷ್ಟಕ್ಕೆ ಪುಸ್ತಕ ಮುಗಿದಿತ್ತು.

"ಮುಂದ?" ಎಂದರು ಅತ್ತೆ.

"ಮುಗೀತ್ರಿ ಅತ್ತಿ."

"ಬಾಗ್ಲಾ ತಗದ್ರೋ ಇಲ್ಲೋ?"

ನಾನು ಹಾಳೆ ತಿರುಗಿಸಿ ತೋರಿಸಿದೆ. ಖಾಲಿ ಹಾಳೆ. ಅತ್ತೆ ಅದನ್ನು ನೋಡಿದರು. ಆಮೇಲೆ ಗೋಡೆಯತ್ತ ನೋಡಿದರು. ಆಚೆ ಬೇರೆ ಯಾರೋ ಬಂದು, ಬರೆಯುವ ಕೋಣೆಯಲ್ಲಿ ಬಟ್ಟೆ ಒಗೆಯುವ ಮಷೀನ್ ಇಟ್ಟಿದ್ದರು, ಅದು ಗುಂಯ್ ಎನ್ನುತ್ತಿತ್ತು. ಅತ್ತೆ ಎದ್ದು ಕುಂಕುಮದ ಡಬ್ಬಿಯ ಪಕ್ಕದಿಂದ ಕಾರ್ಡು ತಂದು ಪುಸ್ತಕದೊಳಗೆ ಇಟ್ಟು ನನ್ನ ಕೈಗೆ ಕೊಟ್ಟರು.

"ನಾಳೆ ಮತ್ತೊಂದ ಮುದ್ರಿ ಹೊಡ್ಕೊಂಡ ಬಾ. ಆ ಬಾಗ್ಲಾ ತಗಿಯೂತನಕ ಇದನ್ನ ತಿರಗಿ ಕೊಡೂದು ಬ್ಯಾಡ."